ಮೆಣಸಿನಕಾಯಿ ಘಾಟಿನ ಮ್ಯಾಟಿನಿ

ತಾನು ಬರಬಾರದಿತ್ತೇ? ನಾಳೆ ಮುಂಜಾನೆ ಗಂಡಿನ ಕಡೆಯವರು ನೋಡಲು ಬರುತ್ತಾರೆ. ಇವತ್ತು ತಾನು ರಾಣೆಬೆನ್ನೂರಿನ ಥೇಟರಿನಲ್ಲಿ ರುದ್ರಮುನಿಯ ಪಕ್ಕ ಕುಳಿತಿರುವುದೇ? ಅವನಾದರೂ ಒಂದು ಮಾತು ಆಡಬಾರದೇ...

ಪುಷ್ಪಲತಾ ಓರೆಗಣ್ಣಿನಿಂದ ನೋಡಿದಳು. ಅವನು ಸಿನಿಮಾ ನೋಡುತ್ತಿದ್ದ.

ಕಾಲೇಜು ಮುಗಿದ ಮೇಲೆ ಇಬ್ಬರೂ ಮುಖಾಮುಖಿಯಾದದ್ದು ಇದೇ ಮೊದಲು. ಅವಳು ಬೀಜದ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವನು ಬ್ಯಾಡಗಿಯಲ್ಲಿ ಅಪ್ಪನ ಮೆಣಸಿನಕಾಯಿ ಅಂಗಡಿಗೆ ಸೇರಿದ್ದ. ಹಳೆಯ ಗೆಳೆಯರ ಸಿನಿಮಾ, ಹಳೆಯ ಗೆಳೆಯರೇ ಕೂಡಿ ನೋಡಬೇಕೆಂದು ಹೊಸ ಮೊಬೈಲಿನಿಂದ ಪೀಡಿಸಿ ಇಬ್ಬರನ್ನೂ ಕರೆಸಿದವಳು ಕಾಲೇಜಿನ ಗೆಳತಿ ಸಲ್ಮಾ.

ಪರದೆಯ ಮೇಲೆ ನಾಲ್ವರು ಬೋಳುತಲೆಯ ಗೆಳೆಯರು ಸ್ಕೂಟರಿಗೆ ಮಿಕ್ಸರ್ ಕಟ್ಟಿ, ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರ ಮಾಡಿದ್ದರು. ತಮ್ಮ ಕಾಲೇಜಿನ ದಿನಗಳಿಗೇನೋ ಬಂದಿಳಿದರು. ಬೊಜ್ಜು, ಬೋಳು ಎರಡೂ ಜೊತೆಗೇ ಬಂದಿದ್ದವು. ಹಿಂದೆ ಅವರನ್ನು ಬಡಿದಿದ್ದ ಮೇಷ್ಟ್ರೇ ಈಗ ಇವರನ್ನು ತಪಾಸಣೆಗೆ ಬಂದ ಸಾಹೇಬರೆಂದು ತಿಳಿದು ಕೈಮುಗಿದು ನಿಂತರು.

ಪುಷ್ಪಲತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಸೀನಿದಳು. ಹಿಂದಿನ ಸಾಲಿನವರೂ ಸೀನಿದರು.

ರುದ್ರಮುನಿ ಸದ್ದಿಲ್ಲದೆ ಎದ್ದು ಹೋದ. ತಿರುಗಿ ಬರಲಿಲ್ಲ.

ಕಾಲೇಜಿನ ಕೊನೆಯ ದಿನವೂ ಹೀಗೇ... ಮಾತಾಡಬೇಕಾದ ಹೊತ್ತಿಗೆ ಸರಿಯಾಗಿ ಎದ್ದು ಹೋಗುವವನು. ಹಿಂದಿನ ಸಾಲಿನಲ್ಲಿ ತನ್ನ ಅಣ್ಣನ ಗೆಳೆಯ ಸೋಮಪ್ಪ ಕುಳಿತಿರುವುದನ್ನು ಕಂಡು ಹೆದರಿದನೇ? ಇಂಥವನಿಗಾಗಿಯೇ ತಾನು ಬಂದ ವರಗಳನ್ನೆಲ್ಲ ಒಲ್ಲೆನೆಂದದ್ದು?

ಅವಳು ಇಂಟರ್ವಲ್ಲಿಗೂ ಕಾಯದೆ ಎದ್ದು ಹೋದಳು. ಅವನು ಹಿಂದುಗಡೆ ಬಾಗಿಲ ಬಳಿ ಒಬ್ಬನೇ ನಿಂತು ಪರದೆ ನೋಡಿ ನಗುತ್ತಿದ್ದ.

"ಓಡಿ ಬಂದು ಇಲ್ಲಿ ನಗಾಕತ್ತೀಯೇನು?"

"ಓಡಿ ಬಂದಿಲ್ಲ. ಮೆಣಸಿನಕಾಯಿ ಯಾರ್ಡಿನಾಗಿಂದ ನೆಟ್ಟಗ ಬಂದೇನಿ. ಈ ಅಂಗಿ ಝಾಡಿಸಿದ್ರ ಥೇಟರ್ ಖಾಲಿ ಆಗ್ತೈತಿ." ಮಡಚಿದ ತೋಳಿನಲ್ಲಿ ಕೆಂಪು ಧೂಳು ಕೂತಿತ್ತು. "ನೀ ಚಂದಾಗಿ ನಗಾಕತ್ತಿದ್ದಿ. ನನ್ನ ಸಲುವಾಗಿ ಯಾಕ ಸೀನಬೇಕು?"

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ನಾಳೆ ಮುಂಜಾನೆ ನನ್ನ ನೋಡಾಕ ಬರ್ತಾರ."

"ಸಲ್ಮಾ ಹೇಳಿದ್ಲು. ಅದಕ್ಕ ಅಂಗಿ ಸೈತ ಬದಲಿ ಮಾಡದ ಬಂದೆ."

ಇಷ್ಟು ವರ್ಷ ಬರಿದೆಂದುಕೊಂಡಿದ್ದ ಅವನ ಮೌನ ತುಂಬಿತ್ತೆಂದು ಅವಳಿಗೆ ಈಗ ತಿಳಿಯಿತು. ತೋಳು ಹಿಡಿದು ಎಳೆದುಕೊಂಡು ಹೋಗಿ ಅವನನ್ನು ಪಕ್ಕದಲ್ಲೇ ಕೂರಿಸಿದಳು.

ಸೋಮಪ್ಪ ಸೀನಿದ. "ಏನ್ ತಂಗಿ, ಮೆಣಸಿನಕಾಯಿ ಚೀಲಾನ ತಂದು ಕುಂದ್ರಸಾಕತ್ತೀಯಲ್ಲ. ನಿಮ್ಮಣ್ಣಗ ಹೇಳ್ಲೇನು?"

"ಹೇಳ್ರಿ. ಸೀನು ಬಂದ್ರ ನೀವ ಬ್ಯಾರೆ ಕಡೆ ಕುಂದರ್ರಿ. ಇವರು ಇಲ್ಲೇ ಕುಂದ್ರತಾರ."

ಇನ್ನೊಂದು ಪಕ್ಕ ಕುಳಿತಿದ್ದ ಸಲ್ಮಾ ಮೊಣಕೈಯಿಂದ ತಿವಿದಳು. "ಯಾ ಅಲ್ಲಾ, 'ಇವರು' ಅಂತ. ಮದುವಿ ಮುಗಿಸೇ ಬಂದ್ಯೇನ ಬಾಗಲದಾಗ?"

ಸಿನಿಮಾ ಬಿಟ್ಟಿತು. ಹೊರಗೆ ಆಟೋಗಳ ಗದ್ದಲದಲ್ಲಿ ರುದ್ರಮುನಿ ಕೇಳಿದ, "ಅವರು ಎಷ್ಟೊತ್ತಿಗೆ ಬರ್ತಾರ?"

"ಹತ್ತಕ್ಕ."

"ಅಪ್ಪನ್ನ ಕರ್ಕೊಂಡು ಎಂಟಕ್ಕ ಬರ್ತೇನಿ."

"ಅಂಗಿ ತೊಳಕೊಂಡು ಬಾ."

"ತೊಳದ್ರೂ ಘಾಟು ಹೋಗೂದಿಲ್ಲ."

"ಹಂಗಾದ್ರ ಹಂಗ ಬಾ. ಮನಿ ಮಂದಿ ಎಲ್ಲಾ ಸೀನ್ಲಿ."

ಅವನು ಬಂದ. ಎಲ್ಲರೂ ಸೀನಿದರು. ಅಣ್ಣ ಕೂಗಾಡಿದ, ಇವಳು ಕದಲಲಿಲ್ಲ. ಆ ವರ್ಷವೇ ಇಬ್ಬರ ಮದುವೆಯಾಯಿತು. ಪ್ರೀತಿಸುತ್ತೇನೆ ಎಂಬ ಮಾತನ್ನು ಮಾತ್ರ ರುದ್ರಮುನಿ ಎಂದೂ ಹೇಳಲಿಲ್ಲ.