ಸಾಲದು ಎಂದವಳು

ಬಹಳ ಹಿಂದೆ, ಆನೆಗಳು ಇನ್ನೂ ಹಾರುವುದನ್ನು ಬಿಟ್ಟಿರದ ಕಾಲದಲ್ಲಿ, ಹೇಮಾಳ ಎಂಬ ರಾಜ್ಯವಿತ್ತು. ಅದರ ರಾಜ ಭೂರಿಸೇನ. ಕೆಟ್ಟವನೇನಲ್ಲ, ಆದರೆ ಜಂಬ ಅಂದರೆ ಜಂಬ! ನನ್ನ ರಾಜ್ಯದಲ್ಲಿ ಏನು ಕಡಿಮೆ ಎಂದುಕೊಂಡವನೇ ಡಂಗುರ ಸಾರಿಸಿದ: ಇನ್ನು ಮೇಲೆ ಯಾರೂ 'ಸಾಲದು' ಎನ್ನಕೂಡದು, ಎಂದವರು ಗಡಿಯಾಚೆಗೆ. ಅವತ್ತಿನಿಂದ ಜನ ಎಲ್ಲದಕ್ಕೂ 'ಸಾಕು' ಎನ್ನತೊಡಗಿದರು. ಸಾರಿಗೆ ಉಪ್ಪು ಕಮ್ಮಿಯೇ? ಸಾಕು. ಮಗುವಿನ ಅಂಗಿ ಹೊಕ್ಕುಳಿಗೇ ನಿಂತಿತೇ? ಸಾಕು. ಅರೆಹೊಟ್ಟೆಯವರೂ ಸಾಕು ಸಾಕು ಎಂದು ಕೈ ತೊಳೆದು ಏಳುತ್ತಿದ್ದರು. ಎಂಥ ಕರ್ಮ ನೋಡಿ!

ಈ ಸುದ್ದಿ ವಕ್ರನಾಸ ಎಂಬ ಮಾಂತ್ರಿಕನ ಕಿವಿಗೆ ಬಿತ್ತು. ಅವನ ಆಹಾರವೇ ಸುಳ್ಳು. ಬಾಯಲ್ಲಿ ನೀರೂರಿ, ಮೊಸಳೆಯ ರೂಪ ತಾಳಿ, ಅರಮನೆಯ ಅಂಗಳದ ಬಾವಿಗೆ ಇಳಿದ. ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದ. ಬಾವಿಕಟ್ಟೆಯ ಬಳಿ ಆಡುತ್ತಿದ್ದ ಪುಟ್ಟ ರಾಜಕುಮಾರಿಯನ್ನು ಬಾಲದಿಂದ ಸೆಳೆದು ತಳದಲ್ಲಿ ಕೂರಿಸಿಕೊಂಡ. ಹಗ್ಗ ಬಿಟ್ಟು ಎತ್ತಿಕೊಳ್ಳಿ, ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟರಾಯಿತು ಎಂದ.

ಮೊದಲು ಸೇನಾಪತಿ ಹಗ್ಗ ಬಿಟ್ಟ. "ಹಗ್ಗ ಸಾಕೇ?" ಎಂದಿತು ಮೊಸಳೆ. ಹಗ್ಗದ ತುದಿ ತಳಕ್ಕಿಂತ ಮೂರು ಮಾರು ಮೇಲೇ ತೂಗುತ್ತಿತ್ತು. ಆದರೆ ಪಕ್ಕದಲ್ಲೇ ರಾಜ ನಿಂತಿದ್ದನಲ್ಲ! ಸೇನಾಪತಿ ಸಾಕು ಎಂದ, ಎಂದವನೇ ಕಲ್ಲಿನ ಕಪ್ಪೆಯಾದ. ಬಾವಿ ಇನ್ನೂ ಒಂದಾಳು ಆಳವಾಯಿತು. ಮಂತ್ರಿ ಇನ್ನೂ ಉದ್ದದ ಹಗ್ಗ ತಂದ. ಅದೂ ತಳ ಮುಟ್ಟಲಿಲ್ಲ, ಅವನೂ ಸಾಕು ಎಂದ, ಅವನೂ ಕಪ್ಪೆಯಾದ. ಮೂರನೆಯವನು ಹಗ್ಗ ಹೊಸೆಯುವ ಮಾಚಯ್ಯ, ಹೊಸದೊಂದು ಹಗ್ಗ ತಂದ. ಅವನ ಗತಿಯೂ ಅದೇ ಆಯಿತು.

ಮಾಚಯ್ಯನಿಗೆ ಒಬ್ಬಳೇ ಮಗಳು, ಬೆಳ್ಳವ್ವ. ಅವಳ ಸಂಕಟ ಯಾರಿಗೂ ಬೇಡ. ಆ ಹಗ್ಗವನ್ನು ಹೊಸೆದವರು ಅಪ್ಪ ಮಗಳು ಇಬ್ಬರೂ. ಪುಂಡಿ ನಾರು ಮುಗಿದಾಗ ಅಪ್ಪ, ಇಷ್ಟು ಸಾಕಾ ಮಗಳೇ ಎಂದು ಕೇಳಿದ್ದ. ಸಾಲದೆಂದು ಅವಳಿಗೆ ಗೊತ್ತಿತ್ತು. ಗಡಿಪಾರಿನ ಭಯಕ್ಕೆ ಮನೆಯೊಳಗೂ ಸಾಕು ಎಂದುಬಿಟ್ಟಿದ್ದಳು. ಈಗ ಕಲ್ಲುಕಪ್ಪೆಯ ತಣ್ಣನೆ ಬೆನ್ನು ಸವರುತ್ತ, ಅಪ್ಪನನ್ನು ಕಲ್ಲು ಮಾಡಿದವಳು ನಾನೇ ಎಂದು ಅತ್ತಳು. ಅತ್ತು ಅತ್ತು ಸುಸ್ತಾದ ಮೇಲೆ ಎದ್ದು, ಅದೇ ಹಗ್ಗವನ್ನು ಬಾವಿಗೆ ಬಿಟ್ಟಳು.

"ಹಗ್ಗ ಸಾಕೇ?"

ರಾಜ ಕಣ್ಣು ಕೆಂಪಗೆ ಮಾಡಿದ. ಬೆಳ್ಳವ್ವ ಕಲ್ಲಾದ ಅಪ್ಪನ ಕಡೆ ಒಮ್ಮೆ ನೋಡಿದಳು.

"ಸಾಲದು," ಎಂದಳು.

ಗಡಗಡ ಸದ್ದಾಗಿ ಬಾವಿಯ ತಳ ಮೇಲೆದ್ದು ಬಂತು. ಹಗ್ಗ ರಾಜಕುಮಾರಿಯ ಕೈಗೆ ಸಿಕ್ಕಿತು, ಅವಳು ಸೊಂಟಕ್ಕೆ ಕಟ್ಟಿಕೊಂಡಳು. ಮೊಸಳೆಯ ಮೈ ಅರ್ಧಕ್ಕಿಳಿಯಿತು. ಇವಳನ್ನು ಗಡಿಯಾಚೆ ಅಟ್ಟಿ ಎಂದು ರಾಜ ಗದರಿದ. ಮೊದಲು ಮಗು ಮೇಲೆ ಬರಲಿ ಎಂದು ರಾಣಿ ಅವನ ಕೈ ಹಿಡಿದಳು.

ಮೊಸಳೆ ಎರಡನೆಯ ಸಲ ಕೇಳಿತು, "ಎತ್ತಲು ನಿನ್ನ ಬಲ ಸಾಕೇ?"

ಸಾಲದು ಎಂದಳು ಬೆಳ್ಳವ್ವ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹೂವಾಡಗಿತ್ತಿ, ಕುಂಬಾರ, ಅಡುಗೆಯವಳು ಎಲ್ಲರೂ ಓಡಿಬಂದು ಹಗ್ಗಕ್ಕೆ ಕೈ ಹಾಕಿದರು. ಇಷ್ಟು ದಿನ ಅವರನ್ನು ಕರೆಯುವವರೇ ಇರಲಿಲ್ಲ, ಪಾಪ. ರಾಜಕುಮಾರಿ ಅರ್ಧ ಬಾವಿಗೆ ಬಂದಳು. ಅಲ್ಲೇ ಹಗ್ಗ ಬಿಗಿದು ನಿಂತುಬಿಟ್ಟಿತು.

ಮೂರನೆಯ ಪ್ರಶ್ನೆ ರಾಜನಿಗೆ ಬಂತು. "ಭೂರಿಸೇನಾ, ಈ ಜನರನ್ನು ಆಳಲು ನಿನ್ನ ಯೋಗ್ಯತೆ ಸಾಕೇ?"

ರಾಜ ಜನರ ಮುಖ ನೋಡಿದ. ಕಪ್ಪೆಗಳನ್ನು ನೋಡಿದ. ತೂಗಾಡುತ್ತಿದ್ದ ಮಗಳನ್ನು ನೋಡಿದ. ಕಿರೀಟ ತೆಗೆದು ಬಾವಿಕಟ್ಟೆಯ ಮೇಲಿಟ್ಟ.

"ಸಾಲದು," ಎಂದ. ದನಿ ಮೇಲೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

ತಿನ್ನಲು ಸುಳ್ಳು ಸಿಗದೆ ಮೊಸಳೆ ಹಲ್ಲಿಯಷ್ಟಾಗಿ ಕಲ್ಲಿನ ಸಂದಿಗೆ ನುಗ್ಗಿತು, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಬಾವಿಯಲ್ಲಿ ನೀರು ಉಕ್ಕಿತು. ರಾಜಕುಮಾರಿ ರಾಣಿಯ ಮಡಿಲು ಸೇರಿದಳು. ಕಪ್ಪೆಗಳು ಮೈಮುರಿದು ಮನುಷ್ಯರಾದವು.

ಬೆಳ್ಳವ್ವ ಅಪ್ಪನನ್ನು ತಬ್ಬಿಕೊಂಡು ಬಿಕ್ಕಿದಳು. "ಹಗ್ಗ ಸಾಲದು ಅಂತ ನನಗೆ ಗೊತ್ತಿತ್ತು ಅಪ್ಪ. ಹೇಳಲಿಲ್ಲ."

"ನನಗೂ ಗೊತ್ತಿತ್ತು ಮಗಳೇ," ಎಂದ ಮಾಚಯ್ಯ. "ನೀನು ಹೆದರ್ತೀಯ ಅಂತ ನಾನೂ ಹೇಳಲಿಲ್ಲ."

ಆ ದಿನವೇ ರಾಜ ತನ್ನ ಅಪ್ಪಣೆಯನ್ನು ಹಿಂದಕ್ಕೆ ಪಡೆದ. ಆಮೇಲೆ ಹೇಮಾಳದ ಜನ ಸಾಲದ್ದನ್ನು ಸಾಲದು ಎಂದೇ ಹೇಳಿದರು, ಪಕ್ಕದ ಮನೆಯವರು ಇದ್ದದ್ದರಲ್ಲಿ ಒಂದಿಷ್ಟು ತಂದುಕೊಟ್ಟರು, ಹಾಗೇ ಎಲ್ಲರೂ ನೂರು ವರ್ಷ ನಗುನಗುತ್ತ ಬಾಳಿದರು.