ಒಂಟಿ ಸ್ಪೀಕರಿನಲ್ಲಿ ಕೇಳದ ದನಿ

"ಹಾಡಿನಿಂದ ನನ್ನ ದನಿ ತೆಗೆಯೋಕೆ ಎಷ್ಟು ಹೊತ್ತು ಬೇಕಾಯ್ತು ನಿಮಗೆ?"

ಕಂಟ್ರೋಲ್ ರೂಮಿನ ಬಾಗಿಲು ತಳ್ಳಿಕೊಂಡು ಬಂದವಳನ್ನು ನೋಡಿ ಅವನು ಕುರ್ಚಿಯಿಂದ ಅರ್ಧ ಎದ್ದ. ಮೂರು ತಿಂಗಳಿಂದ ಇಬ್ಬರ ನಡುವೆ ದಪ್ಪ ಗಾಜೊಂದಿತ್ತು. ಆ ಕಡೆ ಮೈಕಿನ ಮುಂದೆ ಅವಳು, ಈ ಕಡೆ ಮಿಕ್ಸಿಂಗ್ ಕನ್ಸೋಲಿನ ಮುಂದೆ ಅವನು. ಮಾತೆಲ್ಲ ಹೆಡ್‌ಫೋನಿನಲ್ಲೇ. ಎದುರಾಬದುರಾಗಿ ನಿಂತಿದ್ದು ಇದೇ ಮೊದಲು. ಅದೂ ಹೀಗೆ!

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು. ಸೊಳ್ಳೆ ಹಾರಿದರೂ ಯಾವ ಶ್ರುತಿಯಲ್ಲಿ ಹಾರಿತೆಂದು ಹೇಳುವ ಆಸಾಮಿ. ಆದರೆ ಈ ಮಾತು ಮಾತ್ರ ಅವನ ತಲೆಗೆ ಹೋಗಲಿಲ್ಲ.

ಅವಳು ನಿಂತಲ್ಲೇ ಎಲ್ಲ ಹೇಳಿದಳು. ಹಾಡಲೆಂದು ಶಾಲೆಯ ಕೆಲಸ ಬಿಟ್ಟ ದಿನದಿಂದ ಅಪ್ಪ ಅವಳೊಡನೆ ಸರಿಯಾಗಿ ಮಾತಾಡಿರಲಿಲ್ಲ. ನಿನ್ನೆ ಇವನು ಕಳಿಸಿದ ಹಾಡು ಫೋನಿಗೆ ಬಂದಿದ್ದೇ ತಡ, ಅಪ್ಪನ ಗಡಿಯಾರ ರಿಪೇರಿ ಅಂಗಡಿಗೆ ಓಡಿದ್ದಳು. ಅಲ್ಲಿದ್ದ ಹಳೆಯ ಒಂಟಿ ಸ್ಪೀಕರಿಗೆ ಫೋನು ಜೋಡಿಸಿ ಹಾಕಿದ್ದಳು. ಪಲ್ಲವಿಯಲ್ಲಿ, ಅವಳ ಜೊತೆ ಹಾಡಿದ್ದ ಹಿರಿಯ ಗಾಯಕಿಯ ದನಿ ಚೆನ್ನಾಗಿಯೇ ಬಂತು. ಚರಣದ ನಾಲ್ಕು ಸಾಲು ಅವಳೊಬ್ಬಳದು. ಅಲ್ಲಿ ಬರೀ ಗಿಟಾರ್...

ಅಪ್ಪ ಕೊನೆಯವರೆಗೂ ಕೇಳಿ, "ಇದರಲ್ಲಿ ನೀನೆಲ್ಲಮ್ಮಾ?" ಎಂದಿದ್ದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಅಷ್ಟು ಮೆತ್ತಗೆ ಕೇಳಿದ್ದನ್ನು ಸಹಿಸಲಾಗಲಿಲ್ಲ.

ಹಿರಿಯ ಗಾಯಕಿ ಬೇಡವೆಂದಿರಬೇಕು, ಇವನು ತೆಗೆದಿರಬೇಕು. ರಾತ್ರಿಯಿಡೀ ಅವಳಿಗೆ ಬೇರೇನೂ ಹೊಳೆದಿರಲಿಲ್ಲ.

"ನನ್ನ ಹೆಸರನ್ನೂ ತೆಗೆದುಬಿಡಿ. ನಾಳೆಯಿಂದ ನಾನು ಶಾಲೆಗೇ ವಾಪಸ್ ಹೋಗ್ತೀನಿ."

ಅವನು ಎರಡು ಸ್ಪೀಕರುಗಳ ಎದುರಿಗಿದ್ದ ತನ್ನ ಕುರ್ಚಿಯನ್ನೇ ಅವಳಿಗೆ ಕೊಟ್ಟು ಹಾಡು ಹಾಕಿದ.

ಚರಣ ಬಂತು. ಎಡಗೋಡೆಯಿಂದ, ಬಲಗೋಡೆಯಿಂದ, ಬೆನ್ನ ಹಿಂದಿನಿಂದ ಅವಳದೇ ದನಿ. ತನ್ನ ದನಿ ಇಷ್ಟು ಚೆನ್ನಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಹಾಗಾದರೆ ನಿನ್ನೆ...?

ಅವನಿಗೆ ಏನೋ ಹೊಳೆದಂತಾಗಿ, ಎರಡೂ ಸ್ಪೀಕರಿನ ಸದ್ದನ್ನು ಕೂಡಿಸಿ ಒಂದೇ ಮಾಡುವ ಮೋನೋ ಗುಂಡಿ ಒತ್ತಿದ.

ಸಾಲಿನ ಮಧ್ಯದಲ್ಲೇ ಅವಳ ದನಿ ಮಾಯವಾಯಿತು. ಅವನ ಮುಖ ಬಿಳಿಚಿಕೊಂಡಿತು.

ತಪ್ಪು ತನ್ನದೇ ಎಂದು ಅವನು ತಡವರಿಸುತ್ತಾ ವಿವರಿಸಿದ. ಎರಡು ಸ್ಪೀಕರಿಗೂ ಸಮಾನವಾದದ್ದು 'ಮಿಡ್', ಎಡಬಲಗಳ ವ್ಯತ್ಯಾಸ 'ಸೈಡ್'. ಕನ್ಸೋಲಿನಲ್ಲಿ ಎರಡನ್ನೂ ಬೇರೆ ಮಾಡಿ ಸೈಡ್ ಏರಿಸಿದರೆ ಹಾಡು ಅಗಲವಾಗುತ್ತದೆ. ಅವಳ ದನಿಯ ಮಿಡ್ ಅನ್ನು ಅವನು ಪೂರ್ತಿ ಇಳಿಸಿ, ಸೈಡ್‌ನಲ್ಲಷ್ಟೇ ಉಳಿಸಿದ್ದ. ಹಾಗೆ ಉಳಿದ ದನಿಯ ಅಲೆ ಎಡದಲ್ಲಿ ಮೇಲೇರಿದಾಗ ಬಲದಲ್ಲಿ ಅಷ್ಟೇ ಕೆಳಗಿಳಿಯುತ್ತದೆ. ಒಂದೇ ಸ್ಪೀಕರಿನಲ್ಲಿ ಕೂಡಿದಾಗ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ.

"ಇದನ್ನ ನೋಡಿಕೊಳ್ಳೋದು ಕಲಿಯುವವರಿಗೂ ಗೊತ್ತಿರುತ್ತಲ್ಲ?" ಅವಳ ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಬೇರೆಯವರ ಹಾಡಾಗಿದ್ರೆ ಹತ್ತು ಸಲ ನೋಡ್ತಿದ್ದೆ. ನಿಮ್ಮದು ಬಂದಾಗ... ನೋಡೋದೇ ಮರೆತು ಕೇಳ್ತಾ ಕೂತುಬಿಟ್ಟೆ. ನನ್ನ ಸುತ್ತಲೂ ನಿಮ್ಮ ದನಿಯೇ ಇರಲಿ ಅನ್ನಿಸ್ತು. ಅದಕ್ಕೇ ಅಷ್ಟು ಅಗಲ ಮಾಡಿದೆ. ಕ್ಷಮಿಸಿ."

ಅವಳು ಕನ್ಸೋಲಿನ ಗುಂಡಿಗಳನ್ನು ಎಣಿಸುವವಳಂತೆ ತಲೆ ತಗ್ಗಿಸಿದಳು. ಕಣ್ಣು ತುಂಬಿತ್ತು. ಎದೆಯ ಮೇಲಿನ ಭಾರ ಇಳಿದು ಹಗುರವೂ ಆಗಿತ್ತು. ತೆಗೆದಿರಲಿಲ್ಲ... ಯಾರೂ ತನ್ನನ್ನು ತೆಗೆದಿರಲಿಲ್ಲ!

ಹಾಡು ಬಿಡುಗಡೆಯಾಗಲು ಇನ್ನೂ ಎರಡು ದಿನವಿತ್ತು. ಅವನು ಅಲ್ಲೇ ಅವಳ ದನಿಯ ಮಿಡ್ ಮೇಲಕ್ಕೆ ತಂದ, ಸೈಡ್ ಸ್ವಲ್ಪವೇ ಉಳಿಸಿದ, ಮೋನೋದಲ್ಲಿ ಹತ್ತಲ್ಲ, ಹದಿನೈದು ಸಲ ಕೇಳಿದ. ಆಮೇಲೆ ತಾನೂ ಅಂಗಡಿಗೆ ಬರುತ್ತೇನೆಂದ. ತಪ್ಪು ಮಾಡಿದವನೇ ಹೇಳಬೇಕಂತೆ.

ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರವೊಂದರ ಹೊಟ್ಟೆ ಬಗೆಯುತ್ತಿದ್ದರು. ಇವನ ವಿವರಣೆಯನ್ನೆಲ್ಲ ಕೇಳಿ, ಅರ್ಥವಾಗದಿದ್ದರೂ ತಲೆಯಾಡಿಸಿದರು. ಒಂಟಿ ಸ್ಪೀಕರಿನಲ್ಲಿ ಚರಣ ಶುರುವಾಯಿತು.

ಅವರ ಕೈ ನಿಂತಿತು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಇನ್ನೊಂದ್ಸಲ ಹಾಕಮ್ಮಾ," ಎಂದರು ಅಪ್ಪ. ಮೂರನೇ ಸಲಕ್ಕೆ ಪಕ್ಕದ ಅಂಗಡಿಯವರನ್ನೂ ಕೂಗಿ ಕರೆದರು.

ಇಬ್ಬರೂ ಅಂಗಡಿಯಿಂದ ಹೊರಗೆ ಬಿಸಿಲಿಗೆ ಬಂದರು.

"ನಾನೂ ಒಂದು ತಪ್ಪು ಮಾಡಿದ್ದೀನಿ," ಎಂದಳು ಅವಳು. "ಮೂರು ತಿಂಗಳಿಂದ. ಚೆನ್ನಾಗಿ ಬಂದಿದೆ ಅಂತ ಗೊತ್ತಿದ್ರೂ ಇನ್ನೊಂದು ಸಲ ಹಾಡ್ಲಾ ಅಂತ ಕೇಳ್ತಿದ್ದೆ. ನಿಮ್ಮ ಜೊತೆ ಮಾತಾಡೋಕೆ ಬೇರೆ ನೆಪ ಇರಲಿಲ್ಲ."

"ಗೊತ್ತಿತ್ತು."

"ಗೊತ್ತಿತ್ತಾ? ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ನೀವು ಹಾಡು ಮುಗಿಸಿ ಮನೆಗೆ ಹೋಗ್ತಿದ್ರಿ."