ಟಬ್ಬಿನ ಸಮುದ್ರ, ಸಂಪಿನ ನೀರು

"ಆಫ್ ಮಾಡೋ! ಫ್ಯಾನ್ ಆಫ್ ಮಾಡೋ ಅಂದ್ರೆ!"

ಕವನಾ ಕಿರುಚಿದಳು. ದುಂಡೇಶ ಸ್ವಿಚ್ ಒತ್ತುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಟಬ್ಬಿನ ನೀರಿನ ಮೇಲೆ ತೇಲುತ್ತಿದ್ದ ಕಪ್ಪು ಎಣ್ಣೆ ಸರಸರನೆ ಸರಿದು ಬಂದು ಮರಳಿನ ಬೀಚಿಗೆ ಮೆತ್ತಿಕೊಂಡಿತ್ತು.

"ಥೂ, ಮತ್ತೆ ಬೀಚಿಗೇ ಬಂತಲ್ಲೋ!"

"ಗಾಳಿ ಈ ಕಡಿಂದ ಬಿಟ್ರ ಎಣ್ಣಿ ಆ ಕಡೀಗೇ ಹೋಗ್ತೈತಿ. ನಾ ಏನ್ ಮಾಡ್ಲಿ?" ಎಂದ ದುಂಡೇಶ.

ದುಂಡೇಶ ಕವನಾಳ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವವರ ಮಗ. ಬಾಗಲಕೋಟೆ ಕಡೆಯವನು. ಅವನೂ ಕವನಾಳೂ ಐದನೇ ಕ್ಲಾಸು, ಒಂದೇ ಸೆಕ್ಷನ್ನು. ನಾಳೆ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್. ಬೇರೆ ಮಕ್ಕಳಿಗೆಲ್ಲ ಜ್ವಾಲಾಮುಖಿ, ಮಳೆಕೊಯ್ಲು ಅಂತ ಸುಲಭದ ವಿಷಯಗಳು. ಚೀಟಿ ಎತ್ತಿದ ಇವರ ಹಣೆಬರಹಕ್ಕೆ ಬಂದದ್ದು ಮಾತ್ರ, 'ಹಡಗಿನಿಂದ ಎಣ್ಣೆ ಚೆಲ್ಲಿದ ಕಡಲತೀರಕ್ಕೆ ಚಂಡಮಾರುತ ಬಂದರೆ ಏನಾಗುತ್ತದೆ?' ಬೆಂಗಳೂರಿನ ಈ ಉಲ್ಲಾಳದಲ್ಲಿ ಕೆರೆ ಇದೆ, ಸರಿ. ಸಮುದ್ರವನ್ನು ಎಲ್ಲಿಂದ ತರುವುದು?

ಅಂಗಳದಲ್ಲಿ, ಕವನಾ ಮಗುವಾಗಿದ್ದಾಗಿನ ಸ್ನಾನದ ಹಳೇ ಟಬ್ಬೇ ಸಮುದ್ರವಾಯಿತು. ಟೇಬಲ್ ಫ್ಯಾನು ಚಂಡಮಾರುತ. ಮಹದೇವಣ್ಣನ ಗ್ಯಾರೇಜಿನಲ್ಲಿ ಬೈಕುಗಳಿಂದ ಇಳಿಸಿದ ಎಂಜಿನ್ ಆಯಿಲ್ ಒಂದು ಡಬ್ಬಿ ಸಿಕ್ಕಿತು. ಮರಳಿಗಾಗಿ ಪಕ್ಕದ ರಸ್ತೆಯಲ್ಲಿ ಮನೆ ಕಟ್ಟಿಸುವವರನ್ನು ಕಾಡಿ ಬೇಡಿದ್ದರು.

ಉತ್ತರವನ್ನಂತೂ ಕವನಾ ಚಾರ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಮೊದಲೇ ಬರೆದುಬಿಟ್ಟಿದ್ದಳು. 'ಗಾಳಿ, ಮಳೆ ಸೇರಿ ಎಣ್ಣೆಯನ್ನು ತೊಳೆದುಹಾಕುತ್ತವೆ. ಸಮುದ್ರ ಕ್ಲೀನ್!' ಪಕ್ಕದಲ್ಲಿ ಹಲ್ಲು ಕಿರಿಯುವ ಒಂದು ಮೀನು ಬೇರೆ. ಆದರೆ ಆ ದರಿದ್ರ ಎಣ್ಣೆಗೆ ಚಾರ್ಟ್ ಓದಲು ಬರಬೇಕಲ್ಲ!

"ಉತ್ತರ ಬದ್ಲಿ ಮಾಡು," ಎಂದ ದುಂಡೇಶ.

"ಸ್ಕೆಚ್ ಪೆನ್ ಅಳ್ಸಕ್ಕಾಗತ್ತೇನೋ? ಫ್ಯಾನ್ ಈ ಕಡೆ ಇಡು ಸಾಕು."

ಫ್ಯಾನನ್ನು ಬೀಚಿನ ಹಿಂದಿಟ್ಟರು. ಎಣ್ಣೆ ಮರಳನ್ನು ಬಿಟ್ಟು ಹಿಂದಕ್ಕೆ ಹೋಯಿತು.

"ನೋಡು! ಹೋಯ್ತು!" ಕವನಾ ಚಪ್ಪಾಳೆ ತಟ್ಟಿದಳು.

ದುಂಡೇಶ ಬಗ್ಗಿ ಟಬ್ಬಿನ ಆಚೆ ಅಂಚನ್ನು ನೋಡಿದ. ಅಲ್ಲಿ ಎಣ್ಣೆ ದಪ್ಪಗೆ ಕೂತಿತ್ತು. "ಎಲ್ಲಿಗೆ ಹೋಯ್ತು? ಇಲ್ಲೇ ಐತಲ್ಲ."

"ಬೀಚಲ್ಲಿ ಇಲ್ವಲ್ಲ, ಬಿಡೋ!"

ಈ ಹುಡುಗನದ್ದು ಇದೇ ಕಾಟ. ಏನು ಹೇಳಿದರೂ ಎಲ್ಲಿಗೆ, ಯಾಕೆ, ಹೆಂಗೆ. ಕವನಾಗೆ ತಲೆ ಕೆಟ್ಟುಹೋಯಿತು. ಸಿಟ್ಟಿನಲ್ಲಿ ಫ್ಯಾನಿನ ವೈರನ್ನು ಜೋರಾಗಿ ಎಳೆದಳು. ವೈರು ಡಬ್ಬಿಗೆ ತಗುಲಿತು. ಡಬ್ಬಿ ಉರುಳಿತು. ಉಳಿದಿದ್ದ ಆಯಿಲ್ ಅಷ್ಟೂ ಮೆಟ್ಟಿಲ ಬುಡದಲ್ಲಿ ಸಿಮೆಂಟಿನ ಮೇಲೆ ಹರಡಿತು.

ದುಂಡೇಶ ಡಬ್ಬಿ ಎತ್ತಿ ನೋಡಿದ, ಖಾಲಿ.

ಅಷ್ಟರಲ್ಲಿ ಟಪ್ ಎಂದು ಒಂದು ದಪ್ಪ ಹನಿ ಬಿತ್ತು. ಬಂಗಾಳಕೊಲ್ಲಿಯಲ್ಲಿ ಸೈಕ್ಲೋನ್ ಎದ್ದಿದೆ, ಬೆಂಗಳೂರಿಗೂ ಮಳೆ ಇದೆ ಎಂದು ಬೆಳಗ್ಗೆಯಿಂದ ಟೀವಿಯವರು ಬಡಕೊಳ್ಳುತ್ತಲೇ ಇದ್ದರು. ದುಂಡೇಶ ಓಡಿಹೋಗಿ ಪ್ಲಗ್ ಕಿತ್ತು ಫ್ಯಾನನ್ನು ಒಳಗಿಟ್ಟ.

"ಒಳ್ಳೇದೇ ಆಯ್ತು," ಎಂದಳು ಕವನಾ. "ಮಳೆ ಬಂದ್ರೆ ತೊಳ್ಕೊಂಡ್ ಹೋಗತ್ತೆ. ಅಜ್ಜಿಗೆ ಗೊತ್ತೇ ಆಗಲ್ಲ."

"ಎಲ್ಲಿಗೆ ಹೋಗ್ತೈತಿ?"

"ಎಲ್ಲಿಗಾದ್ರೂ ಹೋಗ್ಲಿ ಮಾರಾಯ! ಸಾಕು ಮಾಡೋ ನಿನ್ ಪ್ರಶ್ನೆ!"

ಮಳೆ ಧೋ ಎಂದು ಸುರಿಯಿತು. ಆದರೆ ಎಣ್ಣೆ ಎಲ್ಲಿಗೂ ಹೋಗಲಿಲ್ಲ. ಅಂಗಳದ ನೀರು ರಸ್ತೆಗೆ ಹೋಗಲು ಗೇಟಿನ ಪಕ್ಕ ಒಂದು ತೂತಿದೆ. ಹೆಗ್ಗಣ ಬರುತ್ತದೆಂದು ಅಜ್ಜಿ ವಿಮಲಮ್ಮ ಅದಕ್ಕೆ ಹಳೇ ಬಟ್ಟೆ ತುರುಕಿದ್ದರು. ನೀರು ಅಂಗಳದಲ್ಲೇ ನಿಂತಿತು. ಅದರ ಮೇಲೆ ಎಣ್ಣೆ ಎದ್ದು ತೇಲಿತು. ಬೀಸಿ ಬಂದ ಗಾಳಿ ಅದನ್ನು ನಿಧಾನವಾಗಿ ಸಂಪಿನ ಕಡೆಗೆ ತಳ್ಳತೊಡಗಿತು.

"ಕವನಾ, ಸಂಪು!"

ಕಾವೇರಿ ನೀರು ಬಂದು ಬೆಳಗ್ಗೆ ತಾನೇ ನೆಲದೊಳಗಿನ ಸಂಪು ತುಂಬಿತ್ತು. ಎರಡೂ ಮನೆಯ ಅಡುಗೆ, ಸ್ನಾನ ಎಲ್ಲ ಅದರಲ್ಲೇ. ಅದರ ಕಬ್ಬಿಣದ ಮುಚ್ಚಳ ಅಂಗಳದ ಮಟ್ಟಕ್ಕೇ ಇತ್ತು. ಒಂದು ಮೂಲೆ ತುಕ್ಕು ಹಿಡಿದು ತೂತಾಗಿತ್ತು. 'ಈ ಭಾನುವಾರ ಬದಲಾಯಿಸ್ತೀನಿ' ಎಂದು ಅಪ್ಪ ಪ್ರತಿ ಭಾನುವಾರವೂ ಹೇಳುತ್ತಿದ್ದರು.

ಗಲಾಟೆ ಕೇಳಿ ಅಜ್ಜಿ ಪೊರಕೆ, ಬಕೆಟ್ ಸಮೇತ ಹೊರಗೆ ಬಂದರು. "ಅಯ್ಯೋ ನಿಮ್ಮ! ಬೆಳಗ್ಗೆ ತಾನೇ ತೊಳೆದು ರಂಗೋಲಿ ಬಿಟ್ಟಿದ್ದೆ. ಸರೀರಿ, ಒಂದು ಬಕೆಟ್ ನೀರು ಹುಯ್ದು ಗುಡಿಸಿಬಿಡ್ತೀನಿ." ಏನೇ ಚೆಲ್ಲಿದರೂ ಒಂದು ಬಕೆಟ್ ನೀರು ಹುಯ್ಯುವುದು ಅಜ್ಜಿಯ ಪದ್ಧತಿ.

"ನೀರು ಬೇಡ ಅಜ್ಜಿ! ಇನ್ನೂ ಹರಡತ್ತೆ!"

ಕವನಾ ಸುತ್ತ ನೋಡಿದಳು. ನಾಳೆಗೆಂದು ಎತ್ತಿಟ್ಟಿದ್ದ ಒಂದು ಚೀಲ ಮರಳು ಗೋಡೆಗೆ ಒರಗಿತ್ತು. ಉಳಿದಿದ್ದ ಸ್ವಚ್ಛ ಮರಳು ಅದೊಂದೇ. ಅದಿಲ್ಲದೆ ಬೀಚಿಲ್ಲ. ಬೀಚಿಲ್ಲದೆ ಮಾಡೆಲ್ ಇಲ್ಲ. ಅವಳಿಗೆ ಅಳು ಬಂತು. ಅಳುತ್ತಲೇ ಚೀಲ ಎಳೆದಳು.

"ಹಿಡ್ಕೊಳೋ, ನೋಡ್ತಾ ನಿಂತಿದ್ದೀಯಲ್ಲ!"

ಇಬ್ಬರೂ ಸೇರಿ ಮುಚ್ಚಳದ ಸುತ್ತ ಮರಳು ಸುರಿದು ಕೈಯಿಂದ ಒತ್ತಿ ಕಟ್ಟೆ ಕಟ್ಟಿದರು. ಎಣ್ಣೆ ಕಟ್ಟೆಯವರೆಗೆ ಬಂತು. ಮರಳು ಕಪ್ಪಾಯಿತು. ಆದರೆ ಒಳಗೆ ಎಣ್ಣೆಯ ಒಂದು ಹನಿಯೂ ಹೋಗಲಿಲ್ಲ. ಮಳೆ ನಿಂತಾಗ ಇಬ್ಬರೂ ಒದ್ದೆ ಮುದ್ದೆ. ಉಗುರಿನ ಸಂದಿಯಲ್ಲೆಲ್ಲ ಕಪ್ಪು.

"ಸದ್ಯ, ಸಂಪು ಉಳೀತು," ಎಂದು ಅಜ್ಜಿ ನಿಟ್ಟುಸಿರು ಬಿಟ್ಟರು. "ಇನ್ನು ಆ ತೂತಿನ ಬಟ್ಟೆ ಕಿತ್ತುಬಿಡೇ. ಎಲ್ಲ ಹೊರಗೆ ಹೋಗತ್ತೆ."

ಕವನಾ ಗೇಟಿನ ಹತ್ತಿರ ಹೋಗಿ ಬಗ್ಗಿದಳು. ಬಟ್ಟೆಯ ತುದಿ ಹಿಡಿದಳು. ಹಿಡಿದವಳು ಅಜ್ಜಿಯ ಕಡೆ ತಿರುಗಿದಳು.

"ಎಲ್ಲಿಗೆ ಅಜ್ಜಿ?"

"ಏನು ಎಲ್ಲಿಗೆ?"

"ಹೊರಗೆ ಅಂದ್ರೆ ಎಲ್ಲಿಗೆ?"

"ಮೋರಿಗೆ ಕಣೇ. ಮೋರಿಯಿಂದ ವೃಷಭಾವತಿ ಹೊಳೆಗೆ. ಇನ್ನೆಲ್ಲಿಗೆ?" ಅಜ್ಜಿ ರೇಗಿದರು. "ಅದೇನು ಈಗ ಕುಡಿಯೋ ಹಾಗಿದ್ಯಾ? ನಾನು ಲಂಗ ಹಾಕ್ಕೊಳೋ ವಯಸ್ಸಲ್ಲಿ ಅಲ್ಲೇ ಮೀನು ಹಿಡೀತಿದ್ವಿ, ಆ ಕಾಲ…"

ಕವನಾ ಬಟ್ಟೆ ಕೀಳಲಿಲ್ಲ. ಇನ್ನಷ್ಟು ಒಳಕ್ಕೆ ತುರುಕಿದಳು.

"ಏನ್ ಮಕ್ಕಳೋ, ನನ್ನ ಪ್ರಾಣ ತಿನ್ನಕ್ಕೇ ಹುಟ್ಟಿದ್ದೀರ," ಎಂದು ಗೊಣಗುತ್ತ ಅಜ್ಜಿ ಒಳಗೆ ಹೋದರು. ಹಳೇ ಪೇಪರಿನ ಕಟ್ಟು ತಂದು, ಸೀರೆ ಎತ್ತಿ ಕಟ್ಟಿ, ತಾವೂ ಕುಕ್ಕರಗಾಲಲ್ಲಿ ಕೂತರು. ಮೂವರೂ ಪೇಪರಿನಿಂದ ಎಣ್ಣೆಯನ್ನು ಒತ್ತಿ ಒತ್ತಿ ತೆಗೆದು ಬಕೆಟ್ಟಿಗೆ ಹಾಕಿದರು. ಗೊಣಗಾಟ ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ. ಆ ಬಕೆಟ್ಟನ್ನು ದುಂಡೇಶ ಮಹದೇವಣ್ಣನ ಗ್ಯಾರೇಜಿಗೆ ತಲುಪಿಸಿ ಬಂದ. ಹಳೇ ಆಯಿಲ್ ಒಯ್ಯುವವರು ಅಲ್ಲಿಗೇ ಬರುತ್ತಾರೆ.

ಸಂಜೆ ಕವನಾ ಚಾರ್ಟಿನ ಮುಂದೆ ಕೂತಳು. ಕೆಂಪು ಉತ್ತರದ ಮೇಲೆ ಬಿಳಿ ಹಾಳೆ ಅಂಟಿಸಿದಳು.

"ಬೀಚಿಗೆ ಮರಳಿಲ್ಲಲ್ಲ, ಏನ್ ಮಾಡೋದು?" ದುಂಡೇಶ ಕೇಳಿದ.

"ಕಪ್ಪು ಮರಳೇ ಇರ್ಲಿ."

"ಮತ್ತ ಉತ್ತರ?"

ಕವನಾ ಪೆನ್ನಿನ ಮುಚ್ಚಳ ತೆಗೆದು ಒಂದೇ ಪದ ಬರೆದಳು. 'ಎಲ್ಲಿಗೆ?'

"ಏಯ್, ಅದು ನಂದು!"

"ಗೊತ್ತು. ಸುಮ್ನಿರೋ."

ಪಕ್ಕದಲ್ಲಿ ಮೀನು ಇನ್ನೂ ಹಲ್ಲು ಕಿರಿಯುತ್ತಿತ್ತು. ಕವನಾ ಒಂದು ಸಣ್ಣ ಚೂರು ಕಾಗದ ಕತ್ತರಿಸಿ ಅದರ ಬಾಯಿಯ ಮೇಲೂ ಅಂಟಿಸಿದಳು.